ವಿನೋದತ್ತಿಗೆಯ ಎಡಗೈ

ನನಗೆ ಮಗ್ಗ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಾಪುವಿನ ನೇಕಾರರ ಮನೆಯಲ್ಲಿ ಹುಟ್ಟಿದವಳು ಏನೋ ಬರೆಯುತ್ತಿದ್ದಾಳೆ ಎಂದ ಕೂಡಲೇ ಜನ ಕಣ್ಣು ಒದ್ದೆ ಮಾಡಿಕೊಳ್ಳಲು ತಯಾರಾಗಿ ಕೂರುತ್ತಾರೆ. ನಮ್ಮದು ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ನೇಯುವವರು ನೆಲದ ಮೇಲೆ ಕುಳಿತು, ಕಾಲನ್ನು ಗುಂಡಿಗೆ ಇಳಿಸಿ ಹಲಗೆ ತುಳಿಯಬೇಕು. ಮಳೆಗಾಲದಲ್ಲಿ ಆ ಗುಂಡಿಯಲ್ಲಿ ಒರತೆ ಏಳುತ್ತಿತ್ತು, ಕಪ್ಪೆ ಸಂಸಾರ ಹೂಡುತ್ತಿತ್ತು. ಬೇಸಿಗೆಯಲ್ಲಿ ಸೊಂಟ ಹಿಡಿಯುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ತಡ, ಮಣಿಪಾಲದ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗಕ್ಕೆ ಸೇರಿದೆ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಸುಖ ನಮ್ಮ ಮನೆಯಲ್ಲಿ ಮೊದಲು ಕಂಡವಳು ನಾನು. ಅದರ ಬಗ್ಗೆ ನನಗೆ ಪಶ್ಚಾತ್ತಾಪವೇನೂ ಇಲ್ಲ.

ಹಾಗಾಗಿ ಇದು ನನ್ನ ಕಥೆಯಲ್ಲ. ನನ್ನ ಅಣ್ಣ ವಿಠಲನ ಹೆಂಡತಿ ವಿನೋದತ್ತಿಗೆಯ ಕಥೆ. ನಾನು ಬಿಟ್ಟು ಎದ್ದ ಜಾಗದಲ್ಲಿ ಅವಳು ಬಂದು ಕುಳಿತಳು. ನಾನು ಕೊಡಲಾಗದ್ದನ್ನು ನಮ್ಮಮ್ಮನಿಗೆ ಅವಳು ಕೊಟ್ಟಳು. ಹೊಟ್ಟೆಕಿಚ್ಚು ಪಟ್ಟೆನೋ ಎಂದು ಕೇಳಿದರೆ, ಸ್ವಲ್ಪ ಪಟ್ಟಿದ್ದೇನೆ.

ಅಮ್ಮನನ್ನು ಊರೆಲ್ಲ ಅಪ್ಪಿಯಕ್ಕ ಎನ್ನುತ್ತಿದ್ದರು. ಅಪ್ಪ ನಾನು ಚಿಕ್ಕವಳಿರುವಾಗಲೇ ಹೋದರು. ಅಮ್ಮ ಮಗ್ಗದಿಂದಲೇ ನಮ್ಮಿಬ್ಬರನ್ನು ಸಾಕಿದಳು. ಅವಳ ಮಗ್ಗಕ್ಕೆ ಒಂದು ಕುಂಟು ಸದ್ದಿತ್ತು. ಅಡ್ಡನೂಲು ಒಯ್ಯುವ ಲಾಳಿ ಬಲದಿಂದ ಎಡಕ್ಕೆ ಹೋದಾಗ ಆ ನೂಲನ್ನು ಒತ್ತುವ ಪೆಟ್ಟು ಬೇಗ ಬೀಳುತ್ತಿತ್ತು, ಎಡದಿಂದ ಬಲಕ್ಕೆ ಬಂದಾಗ ತಡವಾಗಿ ಬೀಳುತ್ತಿತ್ತು. ನಮ್ಮ ಓಣಿಯಲ್ಲಿ ಇನ್ನೂ ನಾಲ್ಕಾರು ಮಗ್ಗಗಳಿದ್ದವು. ಕಣ್ಣು ಮುಚ್ಚಿಕೊಂಡು ಬಂದರೂ ನಮ್ಮ ಮನೆ ಯಾವುದೆಂದು ಆ ಸದ್ದಿನಿಂದ ಹೇಳಬಹುದಿತ್ತು. ನಾನು ಹುಟ್ಟಿದಾಗಿನಿಂದ ಕೇಳಿದ್ದು ಅದನ್ನೇ. ಮಗ್ಗ ಎಂದರೆ ಹಾಗೆಯೇ ಬಡಿಯುವುದು ಎಂದು ನಾನು ತಿಳಿದಿದ್ದೆ.

ವಿನೋದತ್ತಿಗೆ ಮದುವೆಯಾಗಿ ಬಂದದ್ದು ಎಪ್ಪತ್ತನಾಲ್ಕರಲ್ಲಿ, ಕಾರ್ಕಳದಿಂದ. ಜಾತಿಯಲ್ಲಿ ನಮ್ಮವರೇ, ಶೆಟ್ಟಿಗಾರರೇ. ಆದರೆ ಅವಳ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಜಿನಸಿ ಅಂಗಡಿ ಹಾಕಿದ್ದರು. ಅವಳಿಗೆ ಬರುತ್ತಿದ್ದ ಕೈಕೆಲಸ ಎಂದರೆ ಬೆಲ್ಲವನ್ನು ಕಾಗದದಲ್ಲಿ ಕಟ್ಟಿ, ದಾರವನ್ನು ಹಲ್ಲಿನಲ್ಲಿ ಕಡಿಯುವುದು. ಗಿಡ್ಡ ಹೆಂಗಸು, ಮಾತಿಗೊಮ್ಮೆ ನಗು. ಮಗ್ಗವನ್ನು ಮೊದಲ ದಿನ ನೋಡಿದಾಗ ಅದರ ಸುತ್ತ ಒಂದು ಸುತ್ತು ಬಂದು, ಗುಂಡಿಯೊಳಗೆ ಇಣುಕಿ, ಇದರೊಳಗೆ ಕಾಲಿಟ್ಟರೆ ಇಲಿ ಕಚ್ಚುವುದಿಲ್ಲವೇ ಎಂದು ಕೇಳಿದಳು. ಅಮ್ಮ, ಇಲಿಗೂ ಮರ್ಯಾದೆ ಉಂಟು ಎಂದಳು. ಅಷ್ಟರಲ್ಲಿ ಇಬ್ಬರಿಗೂ ಹೊಂದಿಕೆಯಾಗಿಹೋಯಿತು.

ಅಮ್ಮ ಅವಳನ್ನು ತಕ್ಷಣ ಮಗ್ಗಕ್ಕೆ ಕೂರಿಸಲಿಲ್ಲ. ಮೊದಲು ಬಣ್ಣಕ್ಕೆ ಹಾಕಿದಳು.

ಆ ಹೊತ್ತಿಗೆ ಬಣ್ಣದ ನೂಲು ನೇಕಾರರ ಸೊಸೈಟಿಯಿಂದಲೇ ಬರುತ್ತಿತ್ತು. ಮನೆಯಲ್ಲಿ ಬಣ್ಣ ಹಾಕುವ ಮಂಡೆಬಿಸಿ ಯಾರಿಗೂ ಬೇಕಿರಲಿಲ್ಲ. ಅಮ್ಮ ಮಾತ್ರ ಅಂಚಿನ ನೂಲಿಗೆ ತಾನೇ ಬಣ್ಣ ಹಾಕುವ ಹಟ ಬಿಟ್ಟಿರಲಿಲ್ಲ. ಹಳದಿಗೆ ಹಲಸಿನ ಮರದ ಹುಡಿ. ಅದು ನಮ್ಮ ಓಣಿಯ ತುದಿಯಲ್ಲಿದ್ದ ಲಿಗೋರಿಯ ಮರದ ಮಿಲ್ಲಿನಲ್ಲಿ ಧರ್ಮಕ್ಕೆ ಸಿಗುತ್ತಿತ್ತು. ಹಲಸು ಕೊಯ್ಯುವ ದಿನ ಲಿಗೋರಿಯೇ ಹೇಳಿಕಳುಹಿಸುತ್ತಿದ್ದ. ಕೆಂಚು ಬಣ್ಣಕ್ಕೆ ಅಡಿಕೆ ಬೇಯಿಸಿದ ಚೊಗರು. ಅದು ಕಾರ್ಕಳದ ಆಚೆ, ಘಟ್ಟದ ಬುಡದ ತೋಟದವರಲ್ಲಿ ಸಿಗುವಂಥದ್ದು. ಅಣ್ಣ ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಅವನು ಚೊಗರನ್ನು ಡಬ್ಬಿಯಲ್ಲಿ ತುಂಬಿಸಿ ಡ್ರೈವರನ ಕಾಲ ಬಳಿ ಇಟ್ಟು ತರುತ್ತಿದ್ದ. ತಿರುವಿನಲ್ಲೆಲ್ಲ ಅದು ತುಳುಕಿ, ಪ್ರಯಾಣಿಕರು ಇವನಿಗೆ ಬೈದು, ಇವನು ಮನೆಗೆ ಬಂದು ಅಮ್ಮನಿಗೆ ಬೈಯುತ್ತಿದ್ದ.

ಒಮ್ಮೆ ಒಳ್ಳೆಯ ಡಬ್ಬಿ ಸಿಗದೆ ತುಕ್ಕು ಹಿಡಿದ ಸೀಮೆಎಣ್ಣೆ ಡಬ್ಬಿಯಲ್ಲಿ ತಂದ. ಅತ್ತಿಗೆಗೆ ಗೊತ್ತಿಲ್ಲ, ನೂಲಿನ ಲಡಿಗಳನ್ನು ಅದ್ದಿದಳು. ಚೊಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಕೆಂಚಗೆ ಬರಬೇಕಾದ ನೂಲು ಒಲೆಯ ಮಸಿಯ ಹಾಗೆ ಎದ್ದು ಬಂತು. ಅತ್ತಿಗೆ ಹಿತ್ತಲಲ್ಲಿ ಕುಳಿತು ಅಳುತ್ತಿದ್ದಳು. ಅಮ್ಮ ಲಡಿಯನ್ನು ಬಿಸಿಲಿಗೆ ಹಿಡಿದು ನೋಡಿ, ಕಪ್ಪಂಚು ಕೇಳುವ ಹೆಂಗಸರೂ ಉಡುಪಿಯಲ್ಲಿ ಇದ್ದಾರೆ, ಅಳುವುದು ಬಿಟ್ಟು ಇದನ್ನು ನೆರಳಿಗೆ ಹಾಕು ಎಂದಳು. ಆ ಕಪ್ಪಂಚಿನ ಸೀರೆ ಬೇರೆಲ್ಲದಕ್ಕಿಂತ ಮೊದಲು ಮಾರಿಹೋಯಿತು. ಅಂದಿನಿಂದ ಅತ್ತಿಗೆ ಅಮ್ಮನ ಬಾಲವಾದಳು.

ಬಾಲ ಎಂದರೆ ಬಾಲವೇ. ಅಮ್ಮ ಹಂಡೆಯ ಎದುರು ಹೇಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳೋ ಹಾಗೆಯೇ ಇವಳೂ ಕೂರಬೇಕು. ಅಮ್ಮ ನೀರನ್ನು ನಾಲಗೆಗೆ ಮುಟ್ಟಿಸಿ ಒಗರು ನೋಡಿದರೆ ಇವಳೂ ನಾಲಗೆ ಚಾಚಬೇಕು. ಅಮ್ಮ ಕೋಲಿನಿಂದ ನೂಲನ್ನು ತಿರುಗಿಸುವಾಗ ಬಲಗೈ ಮಾತ್ರ ಆಡಿಸುತ್ತಿದ್ದಳು. ನಾನು ತೊಟ್ಟಿಲಲ್ಲಿದ್ದ ಕಾಲಕ್ಕೆ ಅವಳು ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಎಡಹೆಗಲು ಮುರಿದಿತ್ತು. ಎಲುಬು ಓರೆಯಾಗಿ ಕೂಡಿಕೊಂಡಿತ್ತು. ಆ ಕೈ ಒಂದು ಮಟ್ಟಕ್ಕಿಂತ ಆಚೆ ಹೋಗುತ್ತಿರಲಿಲ್ಲ. ಎರಡೂ ಕೈ ಗಟ್ಟಿಯಿದ್ದ ನಮ್ಮತ್ತಿಗೆಯೂ ಎಡಗೈಯನ್ನು ಮಡಿಲಲ್ಲಿಟ್ಟು ಬಲಗೈಯೊಂದರಲ್ಲೇ ಏದುಸಿರು ಬಿಡುತ್ತ ತಿರುಗಿಸುತ್ತಿದ್ದಳು. ನಿನಗೆ ಇನ್ನೊಂದು ಕೈ ದೇವರು ಎಂತಕ್ಕೆ ಕೊಟ್ಟದ್ದು ಎಂದು ನಾನು ಕೇಳಿದರೆ, ಮಾಮಿ ಹೀಗೆಯೇ ಮಾಡುವುದಲ್ವಾ ಎನ್ನುತ್ತಿದ್ದಳು. ನಮ್ಮಲ್ಲಿ ಅತ್ತೆಯನ್ನು ಮಾಮಿ ಎನ್ನುವುದು. ಅವಳ ಬಾಯಲ್ಲಿ ಆ ಶಬ್ದ ದಿನಕ್ಕೆ ನೂರು ಸಲ ಬರುತ್ತಿತ್ತು.

ಆಮೇಲೆ ಮಗ್ಗ ಕಲಿಯುವ ಸರದಿ. ನಮ್ಮವರು ನೇಯುವುದನ್ನು ಬಾಯಲ್ಲಿ ಹೇಳಿಕೊಡುವುದಿಲ್ಲ. ಹೇಳಲಿಕ್ಕೆ ಶಬ್ದಗಳೂ ಇಲ್ಲ. ಕಲಿಯುವವಳು ಪಕ್ಕದಲ್ಲಿ ಒತ್ತಿಕೊಂಡು ಕುಳಿತು, ತನ್ನ ಕೈಯನ್ನು ಕಲಿಸುವವಳ ಕೈಮೇಲೆ ಇಡಬೇಕು. ಲಾಳಿ ಹೋಗುತ್ತದೆ, ಬರುತ್ತದೆ, ಕೈಮೇಲಿನ ಕೈಯೂ ಹೋಗುತ್ತದೆ, ಬರುತ್ತದೆ. ಎಷ್ಟು ಎಳೆಯಬೇಕು, ಯಾವಾಗ ಬಡಿಯಬೇಕು ಎಂಬುದು ಹೀಗೆ ಚರ್ಮದಿಂದ ಚರ್ಮಕ್ಕೆ ಹೋಗಬೇಕು. ನನ್ನನ್ನೂ ಹಾಗೆ ಕೂರಿಸಿದ್ದಳು, ನಾನು ನಿದ್ದೆ ಮಾಡುತ್ತಿದ್ದೆ. ಅತ್ತಿಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಬೇಸಿಗೆಯಲ್ಲಿ ಇಬ್ಬರ ತೋಳೂ ಬೆವರಿಗೆ ಅಂಟಿಕೊಳ್ಳುತ್ತಿತ್ತು, ಬಿಡಿಸುವಾಗ ಇಬ್ಬರೂ ನಗುತ್ತಿದ್ದರು. ಒಂದು ಸಂಜೆ ನಾನು ಕೆಲಸ ಮುಗಿಸಿ ಹೆದ್ದಾರಿಯಲ್ಲಿ ಬಸ್ಸಿಳಿದು ಓಣಿಗೆ ಬಂದೆ. ಅಮ್ಮನ ಮಗ್ಗದ ಕುಂಟು ಸದ್ದು ಕೇಳಿತು. ಜಗಲಿಗೆ ಬಂದರೆ ಅಮ್ಮ ಹೊರಗೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದಾಳೆ. ಮಗ್ಗದಲ್ಲಿದ್ದವಳು ವಿನೋದತ್ತಿಗೆ.

ಅಮ್ಮನ ಮುಖದಲ್ಲಿ ಆ ಹೊತ್ತು ಏನಿತ್ತು ಎಂದು ನನಗೆ ಸರಿಯಾಗಿ ಹೇಳಲಾಗುವುದಿಲ್ಲ. ಹೆಮ್ಮೆ ಎಂದುಕೊಂಡೆ. ಓಣಿಯವರೆಲ್ಲ ಅಪ್ಪಿಯಕ್ಕನ ಕೈ ಸೊಸೆಗೆ ಬಂತು ಎಂದು ಕೊಂಡಾಡಿದರು. ಅಮ್ಮ ಹೌದು ಎಂದು ತಲೆ ಆಡಿಸಿದಳು.

ವರ್ಷಗಳು ಹಾಗೆಯೇ ಹೋದವು. ಅತ್ತಿಗೆಗೆ ಇಬ್ಬರು ಹೆಣ್ಣುಮಕ್ಕಳಾದರು. ನನಗೆ ಉದ್ಯಾವರಕ್ಕೆ ಮದುವೆಯಾಯಿತು. ಎಂಬತ್ತನೇ ಇಸವಿ ದಾಟಿದ ಮೇಲೆ ಅಮ್ಮನ ಕಣ್ಣಿಗೆ ಪೊರೆ ಬಂತು. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಆಪರೇಶನ್ ಮಾಡಿಸಿದೆವು. ದಪ್ಪ ಕನ್ನಡಕ ಬಂತು, ದಾರಿ ಕಾಣುವಷ್ಟು ದೃಷ್ಟಿ ಬಂತು, ನೂಲೆಳೆ ಮಾತ್ರ ಮತ್ತೆ ಕಾಣಲಿಲ್ಲ. ಅಮ್ಮ ಮಗ್ಗ ಬಿಟ್ಟು ಜಗಲಿಯಲ್ಲಿ ರಾಟೆ ಹಿಡಿದಳು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದನ್ನು ಅವಳು ಕಣ್ಣಿಲ್ಲದೆಯೂ ಮಾಡುತ್ತಿದ್ದಳು.

ಕಷ್ಟ ಬಂದದ್ದು ಇಲ್ಲಿ. ಸೊಸೈಟಿಯಲ್ಲಿ ಸದಸ್ಯತ್ವ ಅಮ್ಮನ ಹೆಸರಿನಲ್ಲಿತ್ತು. ಅವಳು ನೇಯುವುದಿಲ್ಲ ಎಂದ ಮೇಲೆ ಆ ಹೆಸರಿಗೆ ನೂಲು ಕೊಡುವ ಹಾಗಿಲ್ಲ. ಅತ್ತಿಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು, ಆದರೆ ಹೊಸಬರು ತಮ್ಮ ಕೈಯ ಒಂದು ಸೀರೆ ನೇಯ್ದು ತೋರಿಸಿ ಪಾಸಾಗಬೇಕು. ಅಣ್ಣನಿಗೆ ಮೊದಲಿನಿಂದಲೂ ಆ ಗುಂಡಿ ಮುಚ್ಚುವ ಆಸೆ. ಸಿಮೆಂಟ್ ಹಾಕಿ ಕೋಣೆ ಮಾಡಿದರೆ ಯಾರಾದರೂ ಬಾಡಿಗೆಗೆ ಬರುತ್ತಾರೆ ಎಂಬ ಲೆಕ್ಕಾಚಾರ. ದಸರಾದ ಒಳಗೆ ಪಾಸಾದರೆ ಮಗ್ಗ ಇರಲಿ, ಆಗದಿದ್ದರೆ ಮುಚ್ಚುವ ಎಂದು ಅವನು ಹೇಳಿಬಿಟ್ಟ. ಅವನು ಕೆಟ್ಟವನಲ್ಲ. ಬಸ್ಸಿನಲ್ಲಿ ನಿಂತೇ ಇರುವವನಿಗೆ ಮನೆಯಲ್ಲಿ ಕಾಲು ಚಾಚುವಷ್ಟು ಜಾಗ ಬೇಕಿತ್ತು. ಆದರೆ ಅತ್ತಿಗೆಯ ಮುಖ ಆ ದಿನ ಇಷ್ಟೇ ಇಷ್ಟಾಯಿತು. ಮಗ್ಗ ಹೋದರೆ ನನ್ನದು ಎಂದು ಹೇಳಲಿಕ್ಕೆ ನನಗೆ ಎಂತ ಉಂಟು ಬೇಬಿ ಎಂದು ನನ್ನಲ್ಲಿ ಕೇಳಿದಳು. ಮಕ್ಕಳು ಇದ್ದಾರಲ್ಲ ಎಂದು ನಾನೆಂದೆ. ಎಂಥ ಪೆದ್ದು ಉತ್ತರ.

ಸೊಸೈಟಿಯಲ್ಲಿ ಸೀರೆ ಪರೀಕ್ಷೆ ಮಾಡುತ್ತಿದ್ದವನು ಕಿಟ್ಟಣ್ಣ. ಮೊದಲು ಉಡುಪಿಯಲ್ಲಿ ಜವಳಿ ಅಂಗಡಿಯಲ್ಲಿದ್ದವನು. ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ಜಾತಕ ಹೇಳುತ್ತಿದ್ದ, ಆದರೆ ಮಗ್ಗದ ಗುಂಡಿಗೆ ಕಾಲಿಳಿಸಿದವನಲ್ಲ. ಅವನು ಅತ್ತಿಗೆಯ ಸೀರೆ ಬಿಡಿಸಿ, ಬಲಬದಿಯ ಅಂಚು ಉದ್ದಕ್ಕೂ ಸಡಿಲ ಎಂದ. ಅಪ್ಪಿಯಕ್ಕನ ಸೀರೆಯಲ್ಲೂ ಈ ಸಡಿಲ ಇತ್ತು, ಹಳಬಳು, ವಿಧವೆ ಎಂದು ಇಷ್ಟು ವರ್ಷ ಕಣ್ಣು ಮುಚ್ಚಿ ತೆಗೆದುಕೊಂಡೆವು, ಹೊಸ ಹೆಸರಿಗೆ ಹಾಗೆ ಮಾಡಲಿಕ್ಕಾಗುವುದಿಲ್ಲ ಎಂದು ಮೆತ್ತಗೆ ಹೇಳಿ ವಾಪಸು ಮಡಚಿದ.

ಅತ್ತಿಗೆ ಆ ಸೀರೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ತಂದಳು. ಅಮ್ಮನಿಗೆ, ಸೊಸೈಟಿಯಲ್ಲಿ ಮೀಟಿಂಗ್ ಮುಂದೆ ಹೋಯಿತು ಎಂದು ಸುಳ್ಳು ಹೇಳಿದಳು. ಯಾಕೆಂದರೆ ಅಮ್ಮನಿಗೆ ಆ ಅಂಚಿನ ಮೇಲೆ ಅಭಿಮಾನ ಎಂದು ನಾವೆಲ್ಲ ನಂಬಿದ್ದೆವು. ನೂರು ಸೀರೆಯ ರಾಶಿಯಲ್ಲಿ ನನ್ನದನ್ನು ಅಂಚು ಮುಟ್ಟಿ ತೆಗೆಯುತ್ತೇನೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಆ ಅಂಚೇ ತಪ್ಪು ಎಂದು ಈಗ ಈ ವಯಸ್ಸಿನಲ್ಲಿ, ಕಣ್ಣೂ ಹೋದ ಮೇಲೆ, ಯಾರು ಹೇಳುವುದು?

ಅತ್ತಿಗೆ ತಾನೇ ಸರಿಮಾಡಲು ನೋಡಿದಳು. ಸಡಿಲ ಬಲಬದಿಯಲ್ಲಿ, ಹಾಗಾದರೆ ತಪ್ಪು ಬಲಗೈಯದ್ದು ಎಂದುಕೊಂಡು ಬಲಗೈಯನ್ನು ಬಿಗಿಮಾಡಿದಳು. ಎಡಬದಿ ಸುರುಟಿಕೊಂಡಿತು, ಬಲಬದಿ ಹಾಗೆಯೇ ಉಳಿಯಿತು. ಇನ್ನಷ್ಟು ಬಿಗಿ ಮಾಡಿದಳು. ಇನ್ನಷ್ಟು ಸುರುಟಿತು. ನೇಯ್ದದ್ದನ್ನು ಬಿಚ್ಚುವುದು, ಮತ್ತೆ ನೇಯುವುದು. ನಾನು ಆದಿತ್ಯವಾರ ಬಂದಾಗೆಲ್ಲ ಅವಳ ಕಣ್ಣು ಕೆಂಪಾಗಿರುತ್ತಿತ್ತು.

ಗುಟ್ಟು ಸಿಕ್ಕಿದ್ದು ಎಣ್ಣೆ ಹಚ್ಚುವಾಗ. ಅಮ್ಮನಿಗೆ ಚಳಿ ಗಾಳಿ ಬೀಸಿದರೆ ಹೆಗಲು ನೋಯುತ್ತಿತ್ತು. ಅತ್ತಿಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಆ ದಿನ ತಿಕ್ಕುತ್ತ ತಿಕ್ಕುತ್ತ ಅಮ್ಮನ ಎಡತೋಳನ್ನು ಹಿಡಿದು ಮೆಲ್ಲಗೆ ಹೊರಗೆ ಚಾಚಿಸಿದಳಂತೆ. ಒಂದು ಕಡೆಯಲ್ಲಿ ಅದು ನಿಂತಿತು. ಮುಂದೆ ಎಲುಬು ಬಿಡಲೊಲ್ಲದು. ಆ ನಿಂತ ಜಾಗ ಅತ್ತಿಗೆಗೆ ಗೊತ್ತಿತ್ತು. ಲಾಳಿ ಹಿಡಿದ ಮೇಲೆ ಅವಳ ಎಡಗೈಯೂ ದಿನವೂ ನಿಲ್ಲುತ್ತಿದ್ದದ್ದು ಸರಿಯಾಗಿ ಅಲ್ಲಿಯೇ. ಎಡಗೈ ಲಾಳಿಯನ್ನು ಹಿಡಿದು ಎಳೆದಾಗ ಬಿಗಿಯಾಗುವುದು ನೂಲು ಹೊರಟುಬಂದ ಬದಿ, ಅಂದರೆ ಬಲದ ಅಂಚು. ಅಮ್ಮನ ಎಳೆತ ಅರ್ಧಕ್ಕೇ ನಿಲ್ಲುತ್ತಿತ್ತು, ಹಾಗಾಗಿ ಬಲದ ಅಂಚು ಸಡಿಲ, ಹಾಗಾಗಿ ಪೆಟ್ಟು ಬೇಗ, ಹಾಗಾಗಿ ಸದ್ದು ಕುಂಟು. ಕೈಮೇಲೆ ಕೈಯಿಟ್ಟು ಅತ್ತಿಗೆ ಕಲಿತದ್ದು ನೇಯ್ಗೆಯನ್ನು ಮಾತ್ರವಲ್ಲ. ಮುರಿದ ಹೆಗಲೂ ಜೊತೆಗೇ ಬಂದಿತ್ತು.

ಇದನ್ನು ಅವಳು ನನಗೆ ಬಾವಿಕಟ್ಟೆಯ ಬಳಿ ಪಿಸುಮಾತಿನಲ್ಲಿ ಹೇಳಿದಳು. ನನಗೆ ನಗು ಬಂತು. ಸರಿ, ಇನ್ನೆಂತ, ಉದ್ದಕ್ಕೆ ಎಳೆ, ಪಾಸಾಗು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಸದ್ದು ಬದಲಾಗುತ್ತದೆ, ಮಾಮಿಗೆ ಜಗಲಿಯಲ್ಲಿ ಕೇಳುತ್ತದೆ, ಇಷ್ಟು ವರ್ಷ ನಾನು ತಪ್ಪು ನೇಯ್ದೆ, ಸೊಸೆ ಅದನ್ನು ತಿದ್ದಿದಳು ಎಂದು ಅವರಿಗೆ ಆಗುವುದಿಲ್ಲವೇ ಎಂದಳು. ಕಣ್ಣು ಹೋದವರಿಗೆ ಉಳಿದದ್ದು ಕಿವಿ ಮಾತ್ರ, ಅದರಲ್ಲಿ ಅವರದ್ದೇ ಕೈ ಕೇಳುತ್ತಿರಲಿ ಎಂದಳು. ಇಂಥ ಹೆಂಗಸಿನ ಹತ್ತಿರ ವಾದ ಮಾಡಲು ನನಗೆ ಬರುವುದಿಲ್ಲ.

ಅವಳು ಮಾಡಿದ ಉಪಾಯವನ್ನು ಕೇಳಿ. ಅಮ್ಮ ಮನೆಯಲ್ಲಿದ್ದಾಗ ಕುಂಟುಕೈಯಲ್ಲಿ ನೇಯುವುದು. ಅಮ್ಮ ಮಂಗಳವಾರ ಮಾರಿಗುಡಿಗೆ ಹೋದಾಗ, ಲಿಗೋರಿಯ ಮಿಲ್ಲಿನ ಅಂಗಳದಲ್ಲಿ ಹುಡಿ ಆರಿಸಲು ಕುಳಿತಾಗ, ಪಕ್ಕದ ಮನೆಗೆ ಹರಟೆಗೆ ಹೋದಾಗ ಉದ್ದಕೈಯಲ್ಲಿ ನೇಯುವುದು. ಒಂದೇ ಸೀರೆ. ಹೀಗೆ ಮುಗಿಸಿ ಸೊಸೈಟಿಗೆ ಕೊಂಡುಹೋದಳು. ಸಡಿಲವಾದ ಭಾಗವನ್ನು ಇಸ್ತ್ರಿ ಹಾಕಿ ಒತ್ತಿದ್ದಳು, ಪಾಪ. ಕಿಟ್ಟಣ್ಣ ಸೀರೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದನಂತೆ. ಒಂದು ಗೇಣು ಬಿಗಿ, ಎರಡು ಗೇಣು ಸಡಿಲ, ಮತ್ತೆ ಬಿಗಿ. ಬಿಸಿಲು ನೆರಳು ಬಿದ್ದ ಹಾಗೆ ಸೀರೆಯುದ್ದಕ್ಕೂ ಪಟ್ಟಿಗಳು.

“ವಿನೋದಕ್ಕ, ಇದನ್ನು ಇಬ್ಬರು ನೇಯ್ದಿದ್ದೀರಿ. ಒಬ್ಬರಿಗೆ ಕೆಲಸ ಚೆನ್ನಾಗಿ ಬರುತ್ತದೆ. ಅದು ನೀವೋ, ಮತ್ತೊಬ್ಬರೋ?”

ಅತ್ತಿಗೆ ಸೀರೆಯನ್ನು ಮಡಚತೊಡಗಿದಳು. ಇಬ್ಬರೂ ನಾನೇ ಎಂದರೆ ಹುಚ್ಚು ಎನ್ನುತ್ತಾನೆ. ಕಿಟ್ಟಣ್ಣ ಮತ್ತೊಂದು ಅವಕಾಶ ಕೊಟ್ಟ. ದಸರಾ ಹತ್ತಿರ ಬಂದಿತ್ತು, ಅಣ್ಣ ಗುಂಡಿಗೆ ಹಾಕಲು ಮಣ್ಣಿನ ಬಗ್ಗೆ ವಿಚಾರಿಸಿಯೂ ಆಗಿತ್ತು.

ಆ ಆದಿತ್ಯವಾರ ಬೆಳಿಗ್ಗೆ ನಾನು ಅಲ್ಲಿದ್ದೆ. ಸುತ್ತುಬಳಸು ಬೇಡ, ಸೀರೆ ಪಾಸಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ವಿನೋದಾ ವಿಠಲ ಶೆಟ್ಟಿಗಾರ್ ಎಂಬ ಹೆಸರಿಗೆ ನೂಲು ಬಂತು, ಗುಂಡಿ ಹಾಗೆಯೇ ಉಳಿಯಿತು. ಅಣ್ಣ ಜಗಲಿಯ ಹೊರಗೆ ಶೀಟ್ ಇಳಿಸಿ ತನ್ನ ಕಾಲಿಗೆ ಜಾಗ ಮಾಡಿಕೊಂಡ. ಆದರೆ ನಾನು ಇದನ್ನೆಲ್ಲ ಬರೆಯಲು ಕುಳಿತದ್ದು ಪಾಸಾದ ಸೀರೆಗಾಗಿ ಅಲ್ಲ, ಆ ಬೆಳಿಗ್ಗೆಗಾಗಿ.

ನಾನು ಜಗಲಿಯಲ್ಲಿ ಕುಳಿತು ಬಸಳೆ ಹೆಚ್ಚುತ್ತಿದ್ದೆ. ಅಮ್ಮ ಪಕ್ಕದಲ್ಲಿ ರಾಟೆ ತಿರುಗಿಸುತ್ತಿದ್ದಳು. ಅತ್ತಿಗೆ ಮಕ್ಕಳಿಗೆ ಗಂಜಿ ಬಡಿಸಿ, ಕೈತೊಳೆದು, ಮಗ್ಗಕ್ಕೆ ಕೈಮುಗಿದು ಗುಂಡಿಗೆ ಕಾಲಿಳಿಸಿದಳು. ಒಂದು ಸಲ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಎಂತ ಅರ್ಥವೆಂದು ನನಗೆ ಆಗ ತಿಳಿಯಲಿಲ್ಲ. ಆಮೇಲೆ ಲಾಳಿ ಹೊರಟಿತು.

ಪೆಟ್ಟುಗಳು ಸಮನಾಗಿ ಬಿದ್ದವು. ಕುಂಟಿಲ್ಲ, ಅವಸರವಿಲ್ಲ. ಹುಟ್ಟಿದಂದಿನಿಂದ ಕೇಳಿದ ಮನೆಯ ಸದ್ದು ನಿಂತುಹೋಗಿ, ಬೇರೆ ಯಾರದೋ ಮನೆಯಲ್ಲಿ ಕುಳಿತ ಹಾಗೆ ನನಗೆ ಅನಿಸಿತು. ಕತ್ತಿ ಹಿಡಿದ ಕೈ ತಾನಾಗಿ ನಿಂತಿತು. ಅಮ್ಮನ ರಾಟೆಯೂ ನಿಂತಿತು.

ಅಮ್ಮ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದಳು. ನಾನು ಕೈಕೊಡಲು ಹೋದರೆ ಬೇಡವೆಂದಳು. ತಡವರಿಸುತ್ತ ಒಳಗೆ ನಡೆದಳು. ಅವಳು ಬರುವುದನ್ನು ಕಂಡು ಅತ್ತಿಗೆಯ ಕೈ ನಿಂತಿತು. ಅತ್ತಿಗೆ ಬೆವರುತ್ತಿದ್ದಳು. ಅಮ್ಮ ಗುಂಡಿಯ ಬದಿಯಲ್ಲಿ ನೆಲಕ್ಕೆ ಕುಳಿತಳು.

“ಎಂತಕ್ಕೆ ನಿಲ್ಲಿಸಿದ್ದು? ನೇಯಿ.”

ಅತ್ತಿಗೆಗೆ ನೇಯಲಾಗಲಿಲ್ಲ. ಕಿಟ್ಟಣ್ಣ ಹೇಳಿದ್ದನ್ನು, ವಾಪಸು ಬಂದ ಸೀರೆಗಳನ್ನು, ತಾನು ಹೇಳಿದ ಸುಳ್ಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ತಪ್ಪಾಯಿತು ಮಾಮಿ, ಬೇರೆ ದಾರಿ ಇರಲಿಲ್ಲ ಎಂದಳು. ಅಮ್ಮ ಎಲ್ಲವನ್ನೂ ಕೇಳಿದಳು. ವಾಪಸು ಬಂದ ಸೀರೆಗಳು ಪೆಟ್ಟಿಗೆಯ ಅಡಿಯಲ್ಲಿರುವುದು ನನಗೆ ಗೊತ್ತುಂಟು, ಬಟ್ಟೆ ತೆಗೆಯುವಾಗ ಕೈಗೆ ಸಿಕ್ಕಿತ್ತು, ಅಂಚು ಮುಟ್ಟಿ ನೋಡಿದ್ದೆ ಎಂದಳು. ನಾವಿಬ್ಬರೂ ಬಾಯಿ ತೆರೆದು ನೋಡಿದೆವು.

“ಈಗ ನೀನು ನೇಯ್ದಿಯಲ್ಲ, ಅದು ನನ್ನ ಕೈ,” ಎಂದಳು ಅಮ್ಮ. “ಬೀಳುವ ಮೊದಲಿನ ಕೈ. ನನ್ನದು ಹೀಗೆಯೇ ಕೇಳುತ್ತಿತ್ತು. ಬೇಬಿಗೂ ಗೊತ್ತಿಲ್ಲ, ಅವಳು ಆಗ ತೊಟ್ಟಿಲಲ್ಲಿ.”

ಅವಳು ಹೆಚ್ಚು ಮಾತಿನವಳಲ್ಲ. ಮಾತು ಬೇಕಾದಾಗ ನೂಲಿನ ಕೊನೆ ಹುಡುಕುವ ಹಾಗೆ ಹುಡುಕುತ್ತಿದ್ದಳು.

“ಅಪ್ಪಿಯಕ್ಕನ ಕೈ ಸೊಸೆಗೆ ಬಂತು ಅಂತ ಊರೆಲ್ಲ ಹೇಳಿತು. ನನಗೆ ಮಾತ್ರ ಅದನ್ನು ಕೇಳುವಾಗ ಸಂಕಟ. ನಾನು ನಿನಗೆ ಮುರಿದ ಹೆಗಲನ್ನೂ ಕಲಿಸಿಬಿಟ್ಟಿದ್ದೆ, ಮಗಾ. ಬಾಯಲ್ಲಿ ಹೇಳಿದರೆ ಕೈಗೆ ಬರುವುದಿಲ್ಲ. ತೋರಿಸುವ ಅಂದರೆ ನನ್ನಲ್ಲಿ ಆ ಕೈ ಇಲ್ಲ. ಗಟ್ಟಿಮುಟ್ಟಾದ ಹುಡುಗಿ ಜೀವಮಾನ ಇಡೀ ನನ್ನ ಹಾಗೆ ಕುಂಟುತ್ತಾಳಲ್ಲ ಅಂತ ಇಲ್ಲಿ ಕುಳಿತು ದಿನಾ ಕೇಳುತ್ತಿದ್ದೆ.”

ಅತ್ತಿಗೆ ಅಳುತ್ತಿದ್ದಳು. ಲಾಳಿ ಅವಳ ಮಡಿಲಲ್ಲಿ ಬಿದ್ದಿತ್ತು.

“ನಿಮಗೆ ಬೇಸರ ಆಗ್ತದೆ ಅಂತ ನಾನು ಹೆದರಿ ಕುಳಿತದ್ದು, ಮಾಮಿ.”

“ಬೇಸರ ಇತ್ತು,” ಎಂದಳು ಅಮ್ಮ. “ಈಗ ಹೋಯಿತು. ನೇಯಿ, ನಾನು ಕೇಳುತ್ತೇನೆ.”

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಲಾಳಿ ಎತ್ತಿಕೊಂಡಳು. ಅಮ್ಮ ಗೋಡೆಗೆ ಒರಗಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿಕೊಂಡಳು. ಪೆಟ್ಟುಗಳು ಮತ್ತೆ ಸಮನಾಗಿ ಬೀಳತೊಡಗಿದವು. ನಾನು ಹುಟ್ಟುವ ಮೊದಲು, ಅಪ್ಪ ಇದ್ದಾಗ, ಎರಡೂ ಕೈ ನೆಟ್ಟಗಿದ್ದ ಒಬ್ಬಳು ಹುಡುಗಿ ಈ ಮನೆಯಲ್ಲಿ ಹೀಗೆ ನೇಯುತ್ತಿದ್ದಳು. ಅವಳನ್ನು ನಾನು ಮೊದಲ ಸಲ ಕೇಳಿದೆ. ನನಗೆ ಮಗ್ಗ ಕಂಡರೆ ಆಗುವುದಿಲ್ಲ, ಆದರೂ ಬಸಳೆ ಒಲೆಗೆ ಹಾಕುವುದನ್ನು ಮರೆತು ಅಲ್ಲಿಯೇ ಬಾಗಿಲಲ್ಲಿ ಕುಳಿತುಬಿಟ್ಟೆ. ಆ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ತಡವಾಯಿತು.